ಕೆಸರಿಗೊಂದು ಟೈರು, ಟಾರಿಗೊಂದು ಟೈರು

ಹೋದ ಮಳೆಗಾಲದ ಮಾತು. ಆಷಾಢದ ಒಂದು ರಾತ್ರಿ ಅಮ್ಮನಿಗೆ ಉಬ್ಬಸ ಜಾಸ್ತಿಯಾಯ್ತು. ತೀರ್ಥಹಳ್ಳಿ ಹತ್ತಿರದ ನಮ್ಮನೆಯಿಂದ ಟಾರು ರಸ್ತೆ ಮುಟ್ಟಲು ಎರಡೂವರೆ ಕಿಲೋಮೀಟರ್ ಮಣ್ಣುರಸ್ತೆ. ಅಮ್ಮನನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಹೊರಟರೆ, ಅರ್ಧ ದಾರಿಯಲ್ಲಿ ಚೂಪು ಕಲ್ಲೊಂದು ಟೈರಿನ ಪಕ್ಕೆಯನ್ನೇ ಸೀಳಿಬಿಟ್ಟಿತು. ಮೇಲೆ ಧೋ ಅಂತ ಮಳೆ. ಜಾಕಿ ಕೊಟ್ಟರೆ ಅದೇ ಕೆಸರಲ್ಲಿ ಹೂತುಹೋಗುತ್ತಿದೆ. ಕೊನೆಗೆ ಬೇಲಿಯ ಅಡಿಕೆ ದಬ್ಬೆ ಕಿತ್ತು ಅಡಿಗಿಟ್ಟು ಸ್ಟೆಪ್ನಿ ಹಾಕುವಷ್ಟರಲ್ಲಿ ನಲವತ್ತು ನಿಮಿಷ. "ನಂಗೇನೂ ಆಗಿಲ್ಲ ಮಾರಾಯ, ನೀ ನೆನೀಬೇಡ" ಅಂತ ಅಮ್ಮ ಒಳಗಿಂದ ಹೇಳುತ್ತಲೇ ಇದ್ದಳು, ಏದುಸಿರಿನ ನಡುವೆ.

ಅಮ್ಮ ಈಗ ಹುಷಾರಾಗಿದ್ದಾಳೆ. ಆದರೆ ಆ ನಲವತ್ತು ನಿಮಿಷ ನನ್ನನ್ನು ಬಿಡಲಿಲ್ಲ. ಈ ಸಲ ಮಳೆಗೆ ಮುಂಚೆ ಟೈರು ಬದಲಾಯಿಸಲೇಬೇಕು ಅಂತ ಅಂಗಡಿಗೆ ಹೋದೆ. ಅಂಗಡಿಯವನು ಆಳೆತ್ತರದ ಉತ್ಸಾಹದಲ್ಲಿ, "ಹತ್ತು ಪ್ಲೈದು ಹಾಕ್ಸಿ ಸಾರ್, ದೊಡ್ಡ ಬಟನ್ ಇರೋದು. ಬಂಡೆ ಮೇಲೆ ಹತ್ತಿದ್ರೂ ಏನಾಗಲ್ಲ" ಅಂದ. ಸರಿ ಅನ್ನುವುದರಲ್ಲಿದ್ದೆ. ಯಾಕೋ ಒಂದು ವಾರ ಟೈಮ್ ತಗೊಂಡು ಟೈರಿನ ಚರಿತ್ರೆ ಓದಲು ಕೂತೆ. ಓದಿದ್ದು ಒಳ್ಳೆಯದೇ ಆಯ್ತು.

ಮೊದಲು ಸ್ಟೆಪ್ನಿ ಕಥೆ ಕೇಳಿ. ಮೊದಮೊದಲ ಕಾರುಗಳಲ್ಲಿ ಹೆಚ್ಚುವರಿ ಚಕ್ರ ಅನ್ನುವುದೇ ಇರಲಿಲ್ಲ. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಊರಿನ ಡೇವಿಸ್ ಸಹೋದರರು ಅಂಥದ್ದೊಂದು ಚಕ್ರ ಮಾಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಸ್ಟ್ರೀಟ್‌ನಲ್ಲಿ. ಆ ಬೀದಿಯ ಹೆಸರು ನಮ್ಮೂರಿನ ಪಂಕ್ಚರ್ ಅಂಗಡಿವರೆಗೂ ಬಂದು ಕೂತಿದೆ!

ಗಾಳಿ ತುಂಬಿದ ಟೈರಿಗೆ 1845ರಲ್ಲೇ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಪೇಟೆಂಟ್ ಪಡೆದಿದ್ದ. ಯಾರೂ ಕೇಳಲಿಲ್ಲ, ಲೋಕ ಮರೆತೇಬಿಟ್ಟಿತು. 1888ರಲ್ಲಿ ಬೆಲ್‌ಫಾಸ್ಟ್‌ನ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಅದನ್ನೇ ಹೊಸದಾಗಿ ಮಾಡಿದ. 1895ರಲ್ಲಿ ಮಿಷೆಲಿನ್ ಸಹೋದರರು ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ರೇಸಿಗೆ ಗಾಳಿ ಟೈರಿನ ಕಾರು ಇಳಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ಮೇಲೆ ಪಂಕ್ಚರ್. ಆದರೂ ಗಾಳಿಯ ಮೇಲೆ ಕಾರು ಓಡುತ್ತದೆ ಅಂತ ಜನ ಕಣ್ಣಾರೆ ಕಂಡರು. ಅಂದರೆ ನೋಡಿ, ಮೆತ್ತನೆ ಸವಾರಿ ಬೇಕಾದರೆ ಪಂಕ್ಚರಿನ ಭಯವನ್ನೂ ಜೊತೆಗೆ ತಗೊಳ್ಳಬೇಕು. ಟೈರಿನ ಇಡೀ ಚರಿತ್ರೆ ಇಂಥದ್ದೇ ವ್ಯಾಪಾರ... ಒಂದು ಕೊಟ್ಟು ಒಂದು ತಗೊಳ್ಳೋದು.

ಆಗಿನ ಟೈರುಗಳು ಬಹುಪಾಲು ನುಣ್ಣಗಿದ್ದವು, ಒದ್ದೆ ರಸ್ತೆಯಲ್ಲಿ ಜಾರುತ್ತಿದ್ದವು. 1908ರ ಸುಮಾರಿಗೆ ಫೈರ್‌ಸ್ಟೋನ್ ಕಂಪನಿ ಒಂದು ಉಪಾಯ ಮಾಡಿತು. 'ಫೈರ್‌ಸ್ಟೋನ್ ನಾನ್ ಸ್ಕಿಡ್' ಅನ್ನುವ ಅಕ್ಷರಗಳನ್ನೇ ಟೈರಿನ ಮೇಲೆ ಓರೆಯಾಗಿ ಉಬ್ಬಿಸಿತು. ಹಿಡಿತಕ್ಕೆ ಹಿಡಿತ, ಜಾಹೀರಾತಿಗೆ ಜಾಹೀರಾತು.

ಹೊಲದ ಕಥೆ ಬೇರೆ. ಟ್ರ್ಯಾಕ್ಟರಿಗೆ ಆಗ ಹಲ್ಲುಗಳಿದ್ದ ಕಬ್ಬಿಣದ ಚಕ್ರ. 1932ರಲ್ಲಿ ಅಮೆರಿಕದಲ್ಲಿ ಅಲಿಸ್-ಚಾಮರ್ಸ್ ಟ್ರ್ಯಾಕ್ಟರುಗಳಿಗೆ ಗಾಳಿ ಟೈರು ಬಂತು. ನಾವು ಇವತ್ತೂ ಗದ್ದೆಯಲ್ಲಿ ನೋಡುವ ಆ ಓರೆ ಪಟ್ಟಿಗಳ ಗುಟ್ಟು ಏನೆಂದರೆ, ಮುಂದಕ್ಕೆ ತಿರುಗುವಾಗ ಕೆಸರನ್ನು ಅಂಚಿಗೆ ತಳ್ಳಿ ತಾವೇ ಚೊಕ್ಕಟವಾಗುತ್ತವೆ. ಹಿಂದಕ್ಕೆ ಬರುವಾಗ ಅಷ್ಟು ಕೆಲಸ ಮಾಡುವುದಿಲ್ಲ.

ಯುದ್ಧಕ್ಕೆ ಅದು ಸಾಲದು. ಸಿಕ್ಕಿಹಾಕಿಕೊಂಡ ಜೀಪು ಹಿಂದಕ್ಕೂ ಅಷ್ಟೇ ಜೋರಾಗಿ ಬರಬೇಕು. ಅದಕ್ಕೇ ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ 6.00-16 ಸೈಜಿನ 'ನಾನ್ ಡೈರೆಕ್ಷನಲ್' ಟೈರು ಹಾಕಿದರು. ಎರಡೂ ದಿಕ್ಕಿಗೆ ಒಂದೇ ಹಿಡಿತ, ಯಾವ ಚಕ್ರಕ್ಕೆ ಹೇಗೆ ಬೇಕಾದರೂ ಹಾಕಬಹುದು. ಆದರೆ ಅಂಟುಮಣ್ಣು ಸಂದಿಗಳಲ್ಲಿ ಮೆತ್ತಿಕೊಂಡರೆ ಟೈರು ಉಂಡೆಯಾಗಿ ಸುಮ್ಮನೆ ತಿರುಗುತ್ತಿತ್ತು. 1942ರಲ್ಲಿ ಮಲಯ, ಸಿಂಗಾಪುರ ಜಪಾನಿನ ಕೈಸೇರಿ ಅಮೆರಿಕಕ್ಕೆ ರಬ್ಬರೇ ಇಲ್ಲದಂತಾಯಿತು. ಟೈರು ಉಳಿಸಲೆಂದು ದೇಶಕ್ಕೆಲ್ಲ ಗಂಟೆಗೆ 35 ಮೈಲಿಯ ವೇಗಮಿತಿ ತಂದರು!

ಯುದ್ಧ ಮುಗಿದ ಮೇಲೆ ಮಹೀಂದ್ರದವರು 1947ರಲ್ಲಿ ಅದೇ ವಿಲ್ಲೀಸ್ ಜೀಪನ್ನು ಮುಂಬೈಯಲ್ಲಿ ಜೋಡಿಸತೊಡಗಿದರು. ನಮ್ಮ ದೊಡ್ಡಪ್ಪನ ಜೀಪು ಆ ವಂಶದ್ದೇ. ಅದರಲ್ಲಿ ಕೂತು ಪೇಟೆಗೆ ಹೋಗಿಬಂದರೆ ಎರಡು ದಿನ ಸೊಂಟ ನೋವು. ಜಂಬಿಟ್ಟಿಗೆ ಕಲ್ಲಿನ ದಾರಿಯಲ್ಲಿ ಟೈರು ಒಡೆದಿದ್ದು ಮಾತ್ರ ನನಗೆ ನೆನಪಿಲ್ಲ.

ಯಾಕೆ ಅನ್ನುವುದಕ್ಕೆ ಉತ್ತರ 1946ರಲ್ಲಿದೆ. ಆ ವರ್ಷ ಮಿಷೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಹಳೆಯ ಟೈರಿನಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಕತ್ತರಿ ಹಾಕಿಕೊಂಡು ಬರುತ್ತವೆ. ಪಕ್ಕೆ ದಪ್ಪ, ಗಟ್ಟಿ. ರೇಡಿಯಲ್‌ನಲ್ಲಿ ನೂಲು ಒಂದಂಚಿನಿಂದ ಇನ್ನೊಂದಂಚಿಗೆ ನೇರ, ನೆಲ ಮುಟ್ಟುವ ಕಡೆ ಮಾತ್ರ ಉಕ್ಕಿನ ತಂತಿಯ ಪಟ್ಟಿ. ಬಿಸಿ ಕಡಿಮೆ, ಬಾಳಿಕೆ ಜಾಸ್ತಿ, ಒದ್ದೆ ಟಾರಿನ ಮೇಲೆ ಹಿಡಿತ ಜಾಸ್ತಿ. ಕೊಟ್ಟದ್ದೇನು? ಪಕ್ಕೆ. ಅದು ಮೆತ್ತಗಾಯ್ತು, ತೆಳ್ಳಗಾಯ್ತು. ಆ ರಾತ್ರಿ ನನ್ನ ಕಾರಿನಲ್ಲಿ ಸೀಳಿದ್ದು ಅದೇ ಜಾಗ.

ಇವೆರಡನ್ನೂ ಹೊಂದಿಸುವ ಪ್ರಯತ್ನವೇ ಆಲ್-ಟೆರೇನ್ ಟೈರು. 1976ರಲ್ಲಿ ಬಿಎಫ್ ಗುಡ್‌ರಿಚ್ ಕಂಪನಿ ರೇಡಿಯಲ್ ಕಟ್ಟಡದಲ್ಲೇ ಅಂಥದ್ದೊಂದನ್ನು ಹೊರತಂದಿತು. ಮುಂದೆ ಇಂಥ ಕೆಲವು ಟೈರುಗಳ ಪಕ್ಕೆಗೆ ಮೂರು ಪದರ ಬಂತು. ಕಳೆದುಕೊಂಡಿದ್ದ ಪಕ್ಕೆ ಸ್ವಲ್ಪ ವಾಪಸ್ ಬಂತು ಅನ್ನಿ.

ಹಾಗಾದರೆ ಅಂಗಡಿಯವನ 'ಹತ್ತು ಪ್ಲೈ'? ಅದೂ ಒಂದು ಪಳೆಯುಳಿಕೆ! ಹತ್ತಿ ನೂಲಿನ ಕಾಲದಲ್ಲಿ ಪದರ ಎಣಿಸಿ ಟೈರಿನ ಬಲ ಹೇಳುತ್ತಿದ್ದರು. ಈಗ ಒಳಗಿರುವುದು ಎರಡೋ ಮೂರೋ ಪದರ. 'ಹತ್ತು' ಅಂದರೆ ಹಳೇ ಲೆಕ್ಕದ ಹತ್ತು ಪದರದಷ್ಟು ಭಾರ ಹೊರುತ್ತದೆ ಅಂತ ಅಷ್ಟೇ. ಅದು ಲೋಡು ಹೊರುವ ಗಾಡಿಗೆ ಸರಿ. ನಾಲ್ಕು ಜನ ಕೂರುವ ಕಾರಿಗೆ ಹಾಕಿದರೆ ಟೈರು ಬಗ್ಗುವುದೇ ಇಲ್ಲ, ಸವಾರಿ ದೊಡ್ಡಪ್ಪನ ಜೀಪೇ. ದೊಡ್ಡ ಬಟನ್ ಇದ್ದರೆ ನಡುವೆ ಸಂದಿ ಜಾಸ್ತಿ, ರಬ್ಬರು ನೆಲ ಮುಟ್ಟುವುದು ಕಡಿಮೆ. ಒದ್ದೆ ಟಾರಿನಲ್ಲಿ ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕು. ಲೆಕ್ಕ ಹಾಕಿದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಣ್ಣು ಎರಡೂವರೆ ಕಿಲೋಮೀಟರ್. ಆಮೇಲೆ ಶಿವಮೊಗ್ಗದವರೆಗೆ ಅರವತ್ತು ಕಿಲೋಮೀಟರ್ ಮಳೆಯಲ್ಲಿ ತೋಯ್ದ ಟಾರು.

ಕೊನೆಗೆ ಹಾಕಿಸಿದ್ದು ಕಾರಿನ ಮೂಲ ಸೈಜಿನದೇ ಆಲ್-ಟೆರೇನ್. ನಡುವೆ ಬಟನ್ ಒತ್ತೊತ್ತಾಗಿ, ಅಂಚಿನಲ್ಲಿ ಬಿಡಿಬಿಡಿಯಾಗಿ, ಪಕ್ಕೆ ದಪ್ಪಗಿರುವುದು. ತಯಾರಾದ ದಿನ ಹೇಳುವ ನಾಲ್ಕು ಅಂಕಿಯನ್ನೂ ನೋಡಿಯೇ ತಗೊಂಡೆ (ಮೊದಲೆರಡು ವಾರ, ಕೊನೆಯೆರಡು ವರ್ಷ). ಸ್ಟೆಪ್ನಿಗೂ ಅದೇ ಟೈರು. ಮೈಲೇಜು ಚೂರು ಇಳಿದಿದೆ, ರಸ್ತೆಯಲ್ಲಿ ಗುಂಯ್ ಅನ್ನುತ್ತದೆ. ಇರಲಿ, ಏನಾದರೂ ಕೊಡಲೇಬೇಕಲ್ಲ.

ಹಾಂ, ಡಿಕ್ಕಿಯಲ್ಲಿ ಈಗ ಒಂದು ಮರದ ಹಲಗೆಯೂ ಇದೆ, ಜಾಕಿ ಅಡಿಗಿಡಲು. ಅಮ್ಮನ ಸಲಹೆ.

ನಿಮ್ಮೂರಿನ ದಾರಿಗೆ ಯಾವ ಟೈರು ಒಗ್ಗಿದೆ? ತಿಳಿಸಿ.