ನೋವನ್ನು ಮರೆಸುವ ಹನಿ, ಗಾಯವನ್ನು ತೋರಿಸುವ ಹನಿ

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಬಸದಿಗಳ ಟ್ರಸ್ಟುಗಳು ನೇತ್ರ ಶಿಬಿರಗಳಿಗೆ ಸ್ಥಳ, ಊಟ, ಹಣ ಒದಗಿಸುವುದು ಈ ಭಾವನೆಯಿಂದಲೇ. ನೇತ್ರವೈದ್ಯರು ನಿತ್ಯ ಬಳಸುವ ಎರಡು ಹನಿಗಳ ಇತಿಹಾಸವನ್ನು ದಾನಿಗಳೂ ತಿಳಿದಿರುವುದು ಉಚಿತ.

ಕಣ್ಣಿನ ಶಸ್ತ್ರಕ್ರಿಯೆ ನಮ್ಮ ದೇಶಕ್ಕೆ ಹೊಸದಲ್ಲ. ಪೊರೆಯನ್ನು ಶಲಾಕೆಯಿಂದ ಸರಿಸುವ ಕ್ರಮವು ಸುಶ್ರುತ ಸಂಹಿತೆಯಲ್ಲಿ ವರ್ಣಿತವಾಗಿದೆ. ಆದರೆ ರೋಗಿಯು ಎಚ್ಚರವಾಗಿರುವಂತೆಯೇ ಕಣ್ಣನ್ನಷ್ಟೇ ಮರಗಟ್ಟಿಸುವ ಹನಿ ಬಳಕೆಗೆ ಬಂದದ್ದು 1884ರಲ್ಲಿ. ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್ ಅವರು ಕೊಕೇನ್ ದ್ರಾವಣವನ್ನು ಮೊದಲು ಕಪ್ಪೆ, ಮೊಲ, ನಾಯಿಗಳ ಕಣ್ಣಿಗೆ ಹಾಕಿದರು. ಬಳಿಕ ತಮ್ಮ ಕಣ್ಣಿಗೇ ಹಾಕಿಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿದರು. ಆ ಸೆಪ್ಟೆಂಬರಿನ ಹೈಡೆಲ್‌ಬರ್ಗ್ ಸಮ್ಮೇಳನಕ್ಕೆ ಹೋಗಲು ಅವರಲ್ಲಿ ಹಣವಿರಲಿಲ್ಲ. ಅವರ ಲೇಖನವನ್ನು ಬೇರೊಬ್ಬರು ಓದಿದರು. ಮನುಷ್ಯನ ನೋವು ಕಳೆದ ಈ ಶೋಧದ ಹಿಂದೆ ಮೂಕಪ್ರಾಣಿಗಳ ಋಣವಿರುವುದನ್ನು ಅಹಿಂಸೆಯನ್ನು ನಂಬಿದವರು ಮರೆಯಲಾಗದು. ಕೊಕೇನ್ ವ್ಯಸನವನ್ನು ಹುಟ್ಟಿಸುವಂಥದು, ಕಣ್ಣಿನ ಪಾರದರ್ಶಕ ಪಟಲಕ್ಕೂ ಹಾನಿಕರ. ಮುಂದೆ ಕೃತಕ ಔಷಧಗಳು ಅದರ ಸ್ಥಾನಕ್ಕೆ ಬಂದವು. ಇಂದಿನ ಪ್ರೊಪಾರಕೇನ್ ಹನಿಯ ಪರಿಣಾಮ ಅರ್ಧ ನಿಮಿಷದೊಳಗೆ ಆರಂಭವಾಗಿ ಸುಮಾರು ಕಾಲು ಗಂಟೆ ನಿಲ್ಲುತ್ತದೆ.

ಎರಡನೆಯದು ಫ್ಲೋರೆಸೀನ್ ಎಂಬ ಬಣ್ಣ. ಇದನ್ನು 1871ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಫಾನ್ ಬಾಯರ್ ತಯಾರಿಸಿದರು. 1880ರ ದಶಕದಲ್ಲಿ ನೇತ್ರವೈದ್ಯರು ಕೈಗೆತ್ತಿಕೊಂಡರು. ಪಟಲದ ಮೇಲ್ಪದರ ಕಿತ್ತುಹೋದಲ್ಲಿ ಈ ಬಣ್ಣ ನಿಂತು, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಕಣ್ಣಿನ ಒತ್ತಡ ಅಳೆಯುವಾಗ ಎರಡು ಹನಿಗಳನ್ನೂ ಒಟ್ಟಿಗೆ ಬಳಸುವುದುಂಟು.

ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರುಗಳಿಗೆ ಈ ಬಣ್ಣದ ಬೆಲೆ ದೊಡ್ಡದು. ಸುಗ್ಗಿಯಲ್ಲಿ ಜೋಳದ ರವದಿ ತಾಗಿದ ಕಣ್ಣಿನ ಗೀರು ಬರಿಗಣ್ಣಿಗೆ ಕಾಣದು. ಅದನ್ನು ಅಲಕ್ಷಿಸಿದರೆ ಶಿಲೀಂಧ್ರ ಸೇರಿ ಹುಣ್ಣಾಗಿ ದೃಷ್ಟಿಯೇ ಹೋಗಬಹುದು.

ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು 1943ರಿಂದ ಹಳ್ಳಿಹಳ್ಳಿಗೆ ಶಸ್ತ್ರಚಿಕಿತ್ಸೆಯನ್ನು ಒಯ್ದರು. ಗಿನ್ನೆಸ್ ದಾಖಲೆಯಂತೆ ಒಂದೇ ದಿನ 833 ಪೊರೆ ಶಸ್ತ್ರಕ್ರಿಯೆಗಳನ್ನೂ, 1993ರ ಫೆಬ್ರುವರಿಯವರೆಗೆ ಒಟ್ಟು 6,10,564 ಶಸ್ತ್ರಕ್ರಿಯೆಗಳನ್ನೂ ಮಾಡಿದ್ದರು. ಅವರು 2005ರಲ್ಲಿ ನಿಧನರಾದರು. ಇಷ್ಟು ಜನ ಎಚ್ಚರವಿದ್ದೇ ಚಿಕಿತ್ಸೆಗೆ ಕಣ್ಣೊಡ್ಡುವ ಕಾಲ ಬಂದುದು ಸ್ಥಳೀಯ ಅರಿವಳಿಕೆಯಿಂದ.

ಉಪಕಾರದ ವಸ್ತುವೂ ವಿವೇಕ ತಪ್ಪಿದರೆ ಅಪಕಾರಕ್ಕೆ ತಿರುಗುತ್ತದೆ. ಅರಿವಳಿಕೆಯ ಹನಿ ನೋವನ್ನು ಮರೆಸುತ್ತದೆಯೇ ಹೊರತು ಗಾಯವನ್ನು ಮಾಯಿಸುವುದಿಲ್ಲ. ಮನೆಯಲ್ಲಿ ಪದೇ ಪದೇ ಹಾಕಿಕೊಂಡರೆ ಗಾಯ ಕೂಡಲಾರದೆ ಪಟಲವೇ ಕರಗಬಹುದು. ಆದ್ದರಿಂದ ಆ ಬಾಟಲಿಯನ್ನು ಕರುಣೆಯಿಂದಲೂ ರೋಗಿಯ ಕೈಗೆ ಕೊಡಬಾರದು. ಮರಗಟ್ಟಿದ ಕಣ್ಣನ್ನು ಉಜ್ಜಬಾರದೆಂದೂ ಹೇಳಿ ಕಳಿಸಬೇಕು. ಫ್ಲೋರೆಸೀನ್ ದ್ರಾವಣದಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯುತ್ತವೆ. ಈ ಕಾರಣದಿಂದಲೇ ಒಬ್ಬರಿಗೊಂದರಂತೆ ಬಳಸುವ ಶುದ್ಧೀಕೃತ ಕಾಗದದ ಪಟ್ಟಿಗಳು ರೂಢಿಗೆ ಬಂದವು. ತೆರೆದಿಟ್ಟ ಒಂದೇ ಬಾಟಲಿಯಿಂದ ನೂರು ಕಣ್ಣಿಗೆ ಹನಿ ಹಾಕುವುದು ಮಿತವ್ಯಯವಲ್ಲ, ಪ್ರಮಾದ.

ಶಿಬಿರ ಮುಗಿದ ಮೇಲೆ ಟ್ರಸ್ಟುಗಳು ರೋಗಿಗಳ ಸಂಖ್ಯೆಯನ್ನು ವರದಿಯಲ್ಲಿ ಬರೆಯುತ್ತವೆ. ಹನಿಗಳ ಅವಧಿಯನ್ನು ಯಾರು ನೋಡಿದರು, ವಾರದ ಬಳಿಕ ರೋಗಿಗಳನ್ನು ಯಾರು ವಿಚಾರಿಸಿದರು ಎಂಬುದನ್ನೂ ಬರೆಯಲಿ. ಪ್ರಮಾದವಿಲ್ಲದೆ ನಡೆದಾಗಲೇ ಔಷಧದಾನವು ಅಹಿಂಸೆಯಾಗುತ್ತದೆ.