ಕಾಳಿಯ ಕಲ್ಲು

ತಕ್ಕೋಲದ ಯುದ್ಧ ಎಂದೊಡನೆ ಇಸವಿ 949 ಎಂದು ವರ್ಷಗಟ್ಟಲೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಅದೇ ಯುದ್ಧವನ್ನು ಹೇಳುವ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಒಂದು ಬೇಟೆನಾಯಿಯೂ ಇದೆಯೆಂದು ಮಾತ್ರ ಹೇಳಲಿಲ್ಲ.

ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಕಾದ್ದು ಕೇಳೆಂದರೆ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೇಳತೂರಿನ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಬೇಟೆಯ ಹಿರಿಮೆ ಒಡೆಯನ ಪಾಲಾಗಲಿಲ್ಲ. ಚಲ್ಲೇಶ್ವರನ ಗುಡಿಯೆದುರು ನಾಯಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟರು. ಪೂಜಾರಿ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಿದರು. ಕಲ್ಲಿನಲ್ಲಿ ಹಂದಿಯನ್ನೂ ಕೆತ್ತಿದ್ದಾರೆ, ನಾಯಿಗೆ ಎದುರಾಗಿ.

ಬೇಟೆಗೂ ಒಂದು ಮರ್ಯಾದೆಯಿತ್ತು: ದುಡಿದು ಸತ್ತವರ ಹೆಸರನ್ನು ಒಡೆಯ ನುಂಗಬಾರದು. ದೊರೆಗಳ ಹೆಸರನ್ನಷ್ಟೇ ಬರೆಸುತ್ತಿದ್ದ ನಾನು ಅದನ್ನು ಕಲಿತದ್ದು ತಡವಾಗಿ.