ಸ್ವರಾಜ್ಯವೂ ದರ್ಶನವಿಚಾರವೂ

ತತ್ತ್ವಶಾಸ್ತ್ರದ ನಿಜವಾದ ಆರಂಭವು ಗ್ರೀಸ್ ದೇಶದಲ್ಲಿಯೇ ಎಂದು ಜರ್ಮನಿಯ ಹೆಗೆಲನು ಉಪದೇಶಿಸಿದನು. 1835ರ ಬಳಿಕ ನಮ್ಮಲ್ಲಿ ನೆಲೆಗೊಂಡ ಇಂಗ್ಲಿಷು ವಿದ್ಯಾಭ್ಯಾಸವು ಇಂತಹ ಮತವನ್ನು ವಾದವಿಲ್ಲದೆಯೇ ಸಿದ್ಧಾಂತದ ಪೀಠದಲ್ಲಿ ಕುಳ್ಳಿರಿಸಿತು. ಕಾಲೇಜುಗಳಲ್ಲಿ ಕಾಂಟನ ಗ್ರಂಥವು ತತ್ತ್ವಶಾಸ್ತ್ರವಾಯಿತು. ಗಂಗೇಶೋಪಾಧ್ಯಾಯರ ಗ್ರಂಥವು ಬರಿಯ ಸಂಸ್ಕೃತಪಾಠವಾಯಿತು. ಪ್ರತಿವಾದಿಯ ಮಾತನ್ನೇ ಕೇಳದೆ ಕೊಟ್ಟ ಈ ತೀರ್ಪನ್ನು ಯಾವ ನೈಯಾಯಿಕನು ತಾನೇ ಒಪ್ಪಿಯಾನು?

ಈ ದೋಷವನ್ನು ಸ್ಫುಟವಾಗಿ ಎತ್ತಿ ತೋರಿಸಿದವರಲ್ಲಿ ಬಂಗಾಳದ ಕೃಷ್ಣಚಂದ್ರ ಭಟ್ಟಾಚಾರ್ಯರು (1875–1949) ಅಗ್ರಗಣ್ಯರು. ಅವರ ‘ವಿಚಾರಗಳಲ್ಲಿ ಸ್ವರಾಜ್ಯ’ವೆಂಬ ಉಪನ್ಯಾಸವು ಅವರು ತೀರಿಕೊಂಡ ಮೇಲೆ, 1954ರಲ್ಲಿ, ಅಚ್ಚಾಯಿತು. ರಾಜಕೀಯ ದಾಸ್ಯವು ಕಣ್ಣಿಗೆ ಕಾಣತಕ್ಕದ್ದು. ಸಂಸ್ಕೃತಿಯ ದಾಸ್ಯವು ದಾಸನ ಅರಿವಿಗೇ ಬಾರದು. ಪರರ ವಿಚಾರಗಳನ್ನು ಕಲಿಯುವುದು ದಾಸ್ಯವಲ್ಲ. ತನ್ನವುಗಳೊಡನೆ ತೂಗಿ ನೋಡದೆ, ತನ್ನವುಗಳ ಸ್ಥಾನದಲ್ಲಿ ಅವನ್ನು ಇರಿಸಿಕೊಳ್ಳುವುದೇ ದಾಸ್ಯ. ಇದು ಅವರ ಅಭಿಪ್ರಾಯ. ಅವರು ಕಾಂಟನನ್ನು ತ್ಯಜಿಸಲಿಲ್ಲ; ಅವನನ್ನು ವೇದಾಂತದ ಇದಿರಿನಲ್ಲಿಟ್ಟು ಸ್ವತಂತ್ರವಾಗಿ ವಿಚಾರಿಸಿದರು. ಆದರೆ ಆ ಉಪನ್ಯಾಸವೂ ಇಂಗ್ಲಿಷಿನಲ್ಲಿಯೇ ಇರುವುದು! ಇದನ್ನು ಅವರ ದೋಷವೆನ್ನುವುದಕ್ಕಿಂತ ರೋಗದ ಆಳಕ್ಕೆ ಸಾಕ್ಷಿಯೆನ್ನುವುದು ಯುಕ್ತ.

ಪಂಡಿತರ ಪಕ್ಷವೂ ನಿರ್ದುಷ್ಟವಲ್ಲ. ನಾನು ಓದಿದ ಪಾಠಶಾಲೆಯಲ್ಲಿ ಬೌದ್ಧಮತವನ್ನು ಬಾಯಿಪಾಠದಿಂದಲೇ ಖಂಡಿಸುತ್ತಿದ್ದೆವು. ಎದುರಿಗೆ ಬೌದ್ಧನೊಬ್ಬನೂ ಇರಲಿಲ್ಲ. ಶ್ರವಣವಿದ್ದಿತು, ಮನನವಿರಲಿಲ್ಲ.

ಉಭಯದೋಷಗಳಿಗೂ ಪರಿಹಾರವನ್ನರಸಿದುದು 1983ರಲ್ಲಿ ಪುಣೆಯಲ್ಲಿ ನೆರೆದ ಸಭೆ. ದಯಾಕೃಷ್ಣ, ಎಂ. ಪಿ. ರೇಗೆ ಮೊದಲಾದವರು ಅಲ್ಲಿ ಬರ್ಟ್ರಂಡ್ ರಸೆಲನ ವಾಕ್ಯಾರ್ಥವಿಚಾರವನ್ನು ಸಂಸ್ಕೃತದಲ್ಲಿ ಪಂಡಿತರ ಮುಂದಿಟ್ಟರು. ಅದುವರೆಗೆ ಪಂಡಿತನನ್ನು ಹಳೆಯ ಪಂಕ್ತಿಗಳ ಅರ್ಥಕ್ಕಾಗಿ ಮಾತ್ರ ಹುಡುಕುತ್ತಿದ್ದರು. ಇಲ್ಲಿ ಅವನ ಸ್ವಂತ ಮತವನ್ನು ಕೇಳಿದರು. ವಾಕ್ಯಕ್ಕೂ ಜ್ಞಾನಕ್ಕೂ ಬೇರೆಯಾಗಿದ್ದು, ತಾನೇ ಸತ್ಯವೋ ಅಸತ್ಯವೋ ಆಗಬಲ್ಲ ಅರ್ಥವೊಂದುಂಟೆಂಬುದು ನಮಗೆ ಅಪೂರ್ವವಾದ ಪ್ರಮೇಯ. ನೈಯಾಯಿಕನ ಪಾಲಿಗೆ ಯಥಾರ್ಥತ್ವವು ಜ್ಞಾನದ ಧರ್ಮ. ಆದುದರಿಂದ ಆ ಪ್ರಶ್ನೆಗೆ ಸಿದ್ಧವಾದ ಉತ್ತರವು ಯಾವ ಟೀಕೆಯಲ್ಲಿಯೂ ದೊರೆಯುವಂತಿರಲಿಲ್ಲ. ಆ ಚರ್ಚೆಗಳು 1991ರಲ್ಲಿ ‘ಸಂವಾದ’ವೆಂಬ ಹೆಸರಿನಿಂದ ಪ್ರಕಟವಾದುವು.

ಇದೇ ಸಂವಾದಪರಂಪರೆಯಲ್ಲಿ ಕಾಶಿಯ ಬದರೀನಾಥ ಶುಕ್ಲರು ನ್ಯಾಯಶಾಸ್ತ್ರದ ಒಳಗೆ ನಿಂತೇ ದೇಹಾತ್ಮವಾದವನ್ನು ಪ್ರತಿಪಾದಿಸಿದರು. ದೇಹಕ್ಕಿಂತ ಬೇರೆಯಾದ ಆತ್ಮದ್ರವ್ಯವನ್ನು ಒಪ್ಪದೆಯೂ ನೈಯಾಯಿಕನು ನೈಯಾಯಿಕನಾಗಿರಬಹುದಂತೆ! ಇದನ್ನು ಓದಿದ ದಿನ ನನಗೆ ಕೋಪವೇ ಬಂದಿತು. ಮರುದಿನ ಖಂಡನೆಗೆ ಕುಳಿತೆನು. ಕಂಠಸ್ಥವಾಗಿದ್ದ ಆತ್ಮಾನುಮಾನಗಳನ್ನು ನಾನು ಮೊಟ್ಟಮೊದಲು ಪರೀಕ್ಷಿಸಿದುದು ಆಗಲೇ. ಬಾಲ್ಯದಲ್ಲಿ ಕಂಡುದನ್ನು ದೇಹವು ಬದಲಾದ ಮೇಲೂ ನೆನೆಯುವವನಾರೆಂಬ ಪ್ರಾಚೀನರ ಪ್ರಶ್ನೆಯೊಂದೇ ನನಗೆ ಆಸರೆಯಾಗಿ ಉಳಿಯಿತು. ಸಂಸ್ಕಾರಗಳನ್ನು ಮನಸ್ಸಿನಲ್ಲಿಯೇ ಒಪ್ಪಿದರೆ ಅದರ ಗತಿಯೇನೆಂಬುದನ್ನು ಇನ್ನೂ ವಿಚಾರಿಸುತ್ತಿರುವೆನು.